ಖಾಲಿ ಬಿಟ್ಟ ಕೆಳಗಿನ ಖಾನೆ

೧೯೮೭ನೇ ಇಸವಿ. ಮಣಿಪಾಲದ ಒಂದು ತಾಂತ್ರಿಕ ಕಾಲೇಜಿನ ಇಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ನಾನು ಉಪನ್ಯಾಸಕಿಯಾಗಿದ್ದೆ. ಕಲ್ಯಾಣಪುರದ ಮನೆಯಿಂದ ಎರಡು ಬಸ್ ಹಿಡಿದು ಬರುವುದು, ಪಾಠ ಮಾಡುವುದು, ಮತ್ತೆ ಎರಡು ಬಸ್ ಹಿಡಿದು ಮರಳುವುದು ನನ್ನ ದಿನಚರಿ. ಮೂವತ್ತೊಂದು ವರ್ಷ ಕೆಲಸ ಮಾಡಿದ್ದೇನೆ. ಅದರಲ್ಲಿ ನೆನೆದಾಗಲೆಲ್ಲ ನಗು ಬರುವ ಕೆಲಸ ಯಾವುದೆಂದು ಕೇಳಿದರೆ ನಾನು ತಡವರಿಸದೆ ಆ ವರ್ಷದ ಹದಿನಾರು ಬೋರ್ಡುಗಳ ಯಂತ್ರದ ಹೆಸರು ಹೇಳುತ್ತೇನೆ.

ಆಗ ಹೊರದೇಶಗಳಲ್ಲಿ ಒಂದು ಹೊಸ ಬಗೆಯ ಕಂಪ್ಯೂಟರಿನ ಮಾತು ನಡೆದಿತ್ತು. ಒಂದೇ ದೊಡ್ಡ ಪ್ರೊಸೆಸರಿನ ಮೇಲೆ ಎಲ್ಲ ಭಾರ ಹೊರಿಸುವ ಬದಲು ಸಾವಿರಾರು ಚಿಕ್ಕ ಪ್ರೊಸೆಸರುಗಳಿಗೆ ಕೆಲಸ ಹಂಚಿಬಿಡುವುದು. ಹಡಗಿನಲ್ಲಿ ಬರುವ ಪತ್ರಿಕೆಗಳು ನಮ್ಮ ಕೈ ಸೇರುವಾಗ ಆರು ತಿಂಗಳು ಹಳತಾಗಿರುತ್ತಿದ್ದವು. ಅವುಗಳಲ್ಲಿ ಇಂಥ ಯಂತ್ರಗಳ ಫೋಟೋ ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಸಾವಿರ ಇಲ್ಲದಿದ್ದರೆ ಹದಿನಾರಾದರೂ ಸಾಕು ಎಂದು ಹಟ ಹಿಡಿದೆ. ವಿದ್ಯಾರ್ಥಿಗಳ ಲ್ಯಾಬಿನಿಂದ ಎಂಟು ಬಿಟ್‌ನ ಹದಿನಾರು ಮೈಕ್ರೊಪ್ರೊಸೆಸರ್ ಬೋರ್ಡುಗಳನ್ನು ಕಡ ತಂದು, ನಾಲ್ಕು ಸಾಲು, ಸಾಲಿಗೆ ನಾಲ್ಕರಂತೆ ಒಂದು ದೊಡ್ಡ ರ್‍ಯಾಕಿನಲ್ಲಿ ನಿಲ್ಲಿಸಿದೆವು. ಪ್ರತಿ ಬೋರ್ಡಿನಿಂದ ಅದರ ಎಡ, ಬಲ, ಮೇಲೆ, ಕೆಳಗಿನ ನೆರೆಯ ಬೋರ್ಡುಗಳಿಗೆ ಕೇಬಲ್.

"ನಿಲ್ಲಿಸಿದೆವು" ಎಂದು ಬರೆದೆನಲ್ಲ, ನಿಜವಾಗಿ ನಿಲ್ಲಿಸಿದವರು ಸದಾನಂದ. ಕಾಪುವಿನ ಮೀನುಗಾರ ಕುಟುಂಬದವರು, ಮೂವತ್ತರ ಆಸುಪಾಸಿನ ವಯಸ್ಸು, ನಮ್ಮ ವಿಭಾಗದ ತಾತ್ಕಾಲಿಕ ಟೆಕ್ನಿಶಿಯನ್. ಅವರ ಅಣ್ಣಂದಿರೆಲ್ಲ ದೋಣಿಯಲ್ಲಿ. ಇವರಿಗೆ ದೋಣಿ ಹತ್ತಿದರೆ ವಾಂತಿ. ಹಾಗಾಗಿ ಸೋಲ್ಡರಿಂಗ್ ಕಲಿತರು. ಬೋರ್ಡುಗಳಲ್ಲಿ ದತ್ತಾಂಶ ಬಂದು ನಿಲ್ಲುವ ಒಂದೊಂದು ಜಾಗಕ್ಕೂ ಒಂದೊಂದು ಕೆಂಪು ದೀಪ ಕೂರಿಸಿದ್ದು ಅವರದೇ ಬುದ್ಧಿ. ಜಾಗ ತುಂಬಿದರೆ ದೀಪ ಹೊತ್ತುತ್ತಿತ್ತು, ತೆರವಾದರೆ ಆರುತ್ತಿತ್ತು. ಯಂತ್ರದ ಒಳಗಿನ ಸಂಚಾರವನ್ನು ನಿಂತಲ್ಲಿಂದಲೇ ನೋಡಬಹುದಿತ್ತು.

ಆ ಕೆಲಸಕ್ಕೆ ಒಂದು ಗಡುವಿತ್ತು. ಏಪ್ರಿಲ್ ಕೊನೆಗೆ ದೆಹಲಿಯಿಂದ ಪರಿಶೀಲನಾ ಸಮಿತಿ ಬರುವುದಿತ್ತು. ಅವರೆದುರು ಯಂತ್ರ ಪೂರ್ಣ ಭಾರದಲ್ಲಿ ಒಂದು ಗಂಟೆ ನಿಲ್ಲದೆ ಓಡಿದರೆ ನಮ್ಮ ಕೋಣೆ ಶಾಶ್ವತ ಪ್ರಯೋಗಾಲಯ, ಸದಾನಂದರ ಹುದ್ದೆ ಕಾಯಂ. ಇಲ್ಲವಾದರೆ ಬೋರ್ಡುಗಳು ಜೂನ್‌ನಲ್ಲಿ ವಿದ್ಯಾರ್ಥಿಗಳ ಲ್ಯಾಬಿಗೆ ವಾಪಸ್, ಸದಾನಂದರು ಭಾವ ಕಳಿಸಿದ ವೀಸಾ ಹಿಡಿದು ಕೊಲ್ಲಿ ದೇಶಕ್ಕೆ. ನಮ್ಮಲ್ಲಿ ಕಾಯಂ ನೌಕರರಿಗೆ ಕುರ್ಚಿ, ತಾತ್ಕಾಲಿಕರಿಗೆ ಸ್ಟೂಲು ಎಂಬ ಒಂದು ಪದ್ಧತಿಯೂ ಇತ್ತು. ಮೂರು ವರ್ಷದಿಂದ ಸ್ಟೂಲಿನ ಮೇಲೆ ಕುಳಿತು ಬೆನ್ನು ನೋಯಿಸಿಕೊಂಡಿದ್ದರು ಆ ಮನುಷ್ಯ.

"ಸಮುದ್ರ ಆಗುವುದಿಲ್ಲ ಅಂತ ಇಲ್ಲಿಗೆ ಬಂದವ ನಾನು. ಈಗ ಸಮುದ್ರವನ್ನೇ ದಾಟು ಅಂತಾರಲ್ಲ ಮೇಡಂ," ಎಂದು ಒಮ್ಮೆ ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ.

ತೊಂದರೆ ಎಲ್ಲಿತ್ತೆಂದರೆ ಬೋರ್ಡುಗಳು ಒಂದಕ್ಕೊಂದು ಕಳಿಸುವ ಪ್ಯಾಕೆಟ್ಟುಗಳಲ್ಲಿ. ಪ್ಯಾಕೆಟ್ ಎಂದರೆ ವಿಳಾಸ ಬರೆದ ದತ್ತಾಂಶದ ಪುಟ್ಟ ಕಟ್ಟು. ಮೊದಲನೇ ಬೋರ್ಡಿನಿಂದ ಹದಿನಾರನೆಯದಕ್ಕೆ ಹೋಗಬೇಕಾದ ಪ್ಯಾಕೆಟ್ ನಡುವಿನ ಐದು ಬೋರ್ಡುಗಳಲ್ಲಿ ಇಳಿದು ಹತ್ತಿ ಹೋಗಬೇಕು. ನಾವು ಮೊದಲು ಬರೆದ ನಿಯಮ ಸರಳ: ಮೊದಲು ಅಡ್ಡಕ್ಕೆ ಹೋಗು, ಅಡ್ಡ ಮುಗಿದ ಮೇಲೆ ಉದ್ದಕ್ಕೆ ಹೋಗು. ಇದು ಎಂದೂ ಕೆಡುತ್ತಿರಲಿಲ್ಲ. ಆದರೆ ಒಂದು ದಾರಿಯಲ್ಲಿ ಜಾತ್ರೆ ಸೇರಿದರೂ ಪಕ್ಕದ ಖಾಲಿ ದಾರಿಗೆ ಯಾವ ಪ್ಯಾಕೆಟ್ಟೂ ಹೊರಳುತ್ತಿರಲಿಲ್ಲ. ಹದಿನಾರು ಪ್ರೊಸೆಸರುಗಳಿದ್ದೂ ನಾಲ್ಕರ ವೇಗ. ಹೀಗೆ ಓಡಿಸಿ ತೋರಿಸಿದರೆ ಸಮಿತಿ ನಮ್ಮನ್ನು ಮೂಸಿಯೂ ನೋಡುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅದಕ್ಕೆ ಅಡಾಪ್ಟಿವ್ ರೂಟಿಂಗ್ ಬರೆದೆ. ಸಂದರ್ಭ ನೋಡಿ ದಾರಿ ಹಿಡಿಯುವ ವಿಧಾನ ಅದು. ಪ್ಯಾಕೆಟ್ ಸೇರಬೇಕಾದ ಊರಿಗೆ ಹತ್ತಿರ ಒಯ್ಯುವ ಎರಡು ದಾರಿಗಳಿದ್ದರೆ ಯಾವುದರಲ್ಲಿ ಜಾಗ ಖಾಲಿಯಿದೆಯೋ ಅದಕ್ಕೆ ಹೋಗು. ಕರಾವಳಿಯ ಬಸ್ಸುಗಳಲ್ಲೇ ಬೆಳೆದವಳು ನಾನು. "ಮುಂದೆ ಹೋಗಿ, ಮುಂದೆ ಹೋಗಿ, ಮುಂದೆ ಜಾಗ ಉಂಟು" ಎಂಬ ಕೂಗನ್ನು ಜೋಗುಳದ ಹಾಗೆ ಕೇಳಿದವಳು. ಖಾಲಿ ಜಾಗ ಕಂಡರೆ ಸಾಕು, ತುಂಬಿಸು ಎಂದು ಪ್ರೋಗ್ರಾಮಿಗೆ ಕಟ್ಟಪ್ಪಣೆ ಮಾಡಿದೆ. ಸದಾನಂದರು ಅದಕ್ಕೆ "ಕಂಡಕ್ಟರ್" ಎಂದೇ ಹೆಸರಿಟ್ಟರು.

ಕಂಡಕ್ಟರ್ ಹಾಕಿದ ಮೊದಲ ದಿನ ಯಂತ್ರದ ವೇಗ ಮೂರು ಪಟ್ಟಾಯಿತು. ನಾನು ಕುಣಿಯುವುದೊಂದು ಬಾಕಿ. ಹನ್ನೊಂದನೇ ನಿಮಿಷಕ್ಕೆ ಎಲ್ಲ ಕೆಂಪು ದೀಪಗಳೂ ಹೊತ್ತಿಕೊಂಡವು. ಹೊತ್ತಿದ್ದು ಮತ್ತೆ ಆರಲಿಲ್ಲ. ಅದೇ ಹೊತ್ತಿಗೆ ಒಳಗೆ ಬಂದ ವಿಭಾಗದ ಮುಖ್ಯಸ್ಥರು, "ಆಹಾ, ಎಷ್ಟು ಚೆನ್ನಾಗಿ ಉರಿಯುತ್ತಿದೆ!" ಎಂದು ಮೆಚ್ಚಿ ಹೋದರು. ಯಂತ್ರ ಸತ್ತೇ ಹೋಗಿದೆ ಎಂದು ಅವರಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಕಾರಣ ಹುಡುಕುವುದು ಕಷ್ಟವಿರಲಿಲ್ಲ. ಒಂದನೇ ಬೋರ್ಡಿನ ಪ್ಯಾಕೆಟ್ ಎರಡನೆಯದರಲ್ಲಿ ಜಾಗಕ್ಕಾಗಿ ಕಾಯುತ್ತಿತ್ತು. ಎರಡನೆಯದರದ್ದು ಆರನೆಯದಕ್ಕೆ, ಆರನೆಯದರದ್ದು ಐದನೆಯದಕ್ಕೆ, ಐದನೆಯದರದ್ದು ತಿರುಗಿ ಒಂದನೆಯದಕ್ಕೆ. ಎಲ್ಲರೂ ಕಾಯುವವರೇ, ಜಾಗ ಬಿಡುವವರು ಯಾರೂ ಇಲ್ಲ. ಇದಕ್ಕೆ ನಮ್ಮ ಶಾಸ್ತ್ರದಲ್ಲಿ ಡೆಡ್‌ಲಾಕ್ ಎನ್ನುತ್ತಾರೆ. ಜಾಗ ಸಾಲದು ಎಂದುಕೊಂಡು ಪ್ರತಿ ಕೇಬಲ್ಲಿನ ತುದಿಯಲ್ಲಿ ಎರಡಿದ್ದ ಜಾಗವನ್ನು ಮೂರು ಮಾಡಿದೆ. ಹನ್ನೊಂದನೇ ನಿಮಿಷಕ್ಕೆ ನಿಲ್ಲುತ್ತಿದ್ದದ್ದು ಇಪ್ಪತ್ತನೇ ನಿಮಿಷಕ್ಕೆ ನಿಂತಿತು, ಅಷ್ಟೆ. ಬೋರ್ಡುಗಳ ಮೆಮೊರಿಯೂ ಅಲ್ಲಿಗೆ ಮುಗಿಯಿತು. ಒಂದು ತಿಂಗಳು ನಾನು ಯಾರೊಡನೆಯೂ ನೆಟ್ಟಗೆ ಮಾತಾಡಲಿಲ್ಲ. ಮನೆಯಲ್ಲಿ ಅಮ್ಮ ನನ್ನ ಮುಖ ನೋಡಿಯೇ ಮೀನಿಗೆ ಖಾರ ಕಡಿಮೆ ಮಾಡಿದ್ದರು, ಖಾರವೆಲ್ಲ ಇವಳ ಬಾಯಲ್ಲೇ ಇದೆಯೆಂದು.

ಏಪ್ರಿಲ್ ಮೊದಲ ವಾರ ಕಾರ್ಕಳದ ಕಡೆಯ ಒಂದು ಕಾಲೇಜಿಗೆ ಪ್ರಾಯೋಗಿಕ ಪರೀಕ್ಷೆ ನಡೆಸಲು ಎರಡು ದಿನ ಹೋಗಬೇಕಾಯಿತು. ಮುಗಿಸಿ ಹೊರಟಾಗ ಅಲ್ಲಿಯವರು ಪ್ರೀತಿಯಿಂದ ಎರಡು ದೊಡ್ಡ ಸೌತೆಕಾಯಿ ಕೊಟ್ಟರು. ಚೀಲ ಹೊತ್ತು ಕಾರ್ಕಳ ಬಸ್ ಸ್ಟ್ಯಾಂಡಿಗೆ ಬಂದರೆ ಮಣಿಪಾಲದ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ. ಒಂದು ಚಹಾ ಕುಡಿಯೋಣ, ಅಷ್ಟರವರೆಗೆ ಚೀಲವನ್ನು ಟೈಮ್‌ಕೀಪರರ ಗೂಡಿನಲ್ಲಿಡೋಣ ಎಂದುಕೊಂಡೆ. ಖಾಸಗಿ ಬಸ್ಸುಗಳು ಹೊತ್ತಿಗೆ ಸರಿಯಾಗಿ ಹೊರಡುವಂತೆ ನೋಡಿಕೊಳ್ಳುವವರು ಟೈಮ್‌ಕೀಪರ್. ನಮ್ಮ ಕಡೆ ಬಸ್ಸುಗಳಲ್ಲಿ ಜನರಷ್ಟೇ ಸಾಮಾನೂ ತಿರುಗುತ್ತದೆ. ಔಷಧಿ, ಮಲ್ಲಿಗೆ, ಹೊಲಿದ ರವಿಕೆ, ಯಾರದೋ ಮನೆಯ ಬೀಗದ ಕೈ, ಎಲ್ಲವನ್ನೂ ಟೈಮ್‌ಕೀಪರರಿಗೆ ಕೊಟ್ಟರೆ ಅವರು ಆ ಕಡೆ ಹೋಗುವ ಬಸ್ಸಿಗೆ ದಾಟಿಸುತ್ತಾರೆ. ಬೇಡ ಎನ್ನುವ ಪದ್ಧತಿಯೇ ಇಲ್ಲ.

ಆ ಗೂಡಿನಲ್ಲಿ ಪದ್ಮರಾಜಣ್ಣ ಎಂಬ ದಪ್ಪ ಕನ್ನಡಕದ ಹಿರಿಯರು ಕೂತಿದ್ದರು. ಹಿಂದೆ ಐದು ಖಾನೆಗಳ ಮರದ ಕಪಾಟು. ಮೇಲಿನ ನಾಲ್ಕು ಖಾನೆಗಳಲ್ಲಿ ಸಾಮಾನು ಕಿಕ್ಕಿರಿದಿತ್ತು. ಕೆಳಗಿನದು ಪೂರ್ತಿ ಖಾಲಿ. ಅದರ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ "ಇಡಬಾರದು" ಎಂದು ಬರೆದಿತ್ತು. ನಾನು ಅದನ್ನು ಓದಿಯೂ ಓದದವಳಂತೆ ಚೀಲ ಅಲ್ಲಿಡಲು ಬಗ್ಗಿದೆ.

"ಅಲ್ಲಿ ಬೇಡ ಟೀಚರೇ, ಇಲ್ಲಿ ಕೊಡಿ," ಎಂದು ಅವರು ಚೀಲ ತೆಗೆದುಕೊಂಡು, ಇಡಲು ಬೇರೆ ಜಾಗ ಕಾಣದೆ, ಎರಡು ಸೌತೆಕಾಯಿಯ ಸಮೇತ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

ನನಗೆ ಒಂದು ಕಡೆ ನಗು, ಒಂದು ಕಡೆ ಸಿಟ್ಟು. "ಇಡೀ ಖಾನೆ ಖಾಲಿ ಉಂಟಲ್ಲ?" ಎಂದೆ.

"ಖಾಲಿ ಉಂಟು. ಖಾಲಿ ಇರಲಿ ಅಂತಲೇ ಇಟ್ಟದ್ದು."

"ಅದೆಂತ ಶಾಸ್ತ್ರ ಮಾರಾಯ್ರೆ?"

"ಶಾಸ್ತ್ರ ಅಲ್ಲ ಟೀಚರೇ, ಪೆಟ್ಟು ತಿಂದು ಬಂದ ಬುದ್ಧಿ," ಎಂದು ಅವರು ಹೇಳತೊಡಗಿದರು. "ಆಚೆ ವರ್ಷ ಮೇ ಕೊನೆ. ಮದುವೆಯ ಗದ್ದಲ, ಮೇಲಿಂದ ಮಳೆ. ನನ್ನ ಐದು ಖಾನೆಯೂ ಫುಲ್ಲು, ಬೆಳ್ಮಣ್ ಕಡೆಯಿಂದ ಬಂದ ಬಸ್ಸೂ ಫುಲ್ಲು. ಬಸ್ಸಿನವ ಇಳಿಸಿದರೆ ನಾನು ಹತ್ತಿಸಬಹುದು, ನಾನು ಹತ್ತಿಸಿದರೆ ಅವ ಇಳಿಸಬಹುದು. ನೆಲದಲ್ಲಿ ಇಡುವ ಅಂದರೆ ನೀರು. ಇಬ್ಬರೂ ಮುಖಮುಖ ನೋಡಿಕೊಂಡು ನಿಂತೆವು. ಬಸ್ಸಿಗೆ ಟೈಮ್ ಆಯಿತು, ತಂದದ್ದನ್ನು ತಂದ ಹಾಗೇ ವಾಪಸ್ ಕೊಂಡುಹೋದ. ಬೆಳ್ಮಣ್ಣಿನಲ್ಲೂ ಅದೇ ಕಥೆ, ಪಡುಬಿದ್ರಿಯಲ್ಲೂ ಅದೇ. ಒಬ್ಬಳು ಮದುಮಗಳ ಮಲ್ಲಿಗೆ ಎರಡು ದಿನ ಬಸ್ಸಿನಲ್ಲೇ ತಿರುಗಿತು. ಅವಳು ಕನಕಾಂಬರ ಮುಡಿದು ಧಾರೆ ಎರೆಸಿಕೊಂಡಳು. ಅವಳಪ್ಪ ಬಂದು ಬೈದದ್ದು ಈಗಲೂ ಕಿವಿಯಲ್ಲಿ ಉಂಟು."

ನಾನು ಚಹಾ ಮರೆತೆ. "ಮತ್ತೆ ಎಂತ ಮಾಡಿದಿರಿ?"

"ಎಲ್ಲ ಸ್ಟ್ಯಾಂಡಿನವರೂ ಕೂತು ಮಾತಾಡಿದೆವು. ಪ್ರತಿ ಗೂಡಿನಲ್ಲೂ ಕೆಳಗಿನ ಖಾನೆ ಖಾಲಿ ಇಡುವುದು. ಕಾಪುವಿಗೆ ಹೋಗುವ ಕಟ್ಟನ್ನು ಶಿರ್ವದ ಬಸ್ಸಿಗೂ ಕೊಡಬಹುದು, ಪಡುಬಿದ್ರಿಯದಕ್ಕೂ ಕೊಡಬಹುದು, ಜಾಗ ಇದ್ದದ್ದಕ್ಕೆ ಕೊಡುವುದು. ಎಲ್ಲಿಯೂ ಆಗದಿದ್ದರೆ ಮಾತ್ರ ಈ ಖಾನೆಗೆ. ಇದಕ್ಕೆ ಬಿದ್ದದ್ದು ಮತ್ತೆ ಒಳದಾರಿ ಹಿಡಿಯುವ ಹಾಗಿಲ್ಲ. ಸೀದಾ ಪಡುವಣಕ್ಕೆ ಹೋಗಿ ಹೈವೇ ಸೇರುವುದು, ಅಲ್ಲಿಂದ ಬಡಗಿಗೋ ತೆಂಕಿಗೋ. ಮುಂದಿನ ಗೂಡಿನಲ್ಲೂ ಕೆಳಗಿನ ಖಾನೆಯಲ್ಲೇ ಇಳಿಯುವುದು. ಬಸ್ಸಿನಲ್ಲೂ ಅದಕ್ಕೆ ಒಂದು ಮೂಲೆ ಬೇರೆ."

"ಹಾಗಾದರೆ ಎಲ್ಲವನ್ನೂ ಆ ಸೀದಾ ದಾರಿಯಲ್ಲೇ ಕಳಿಸಬಹುದಲ್ಲ?"

"ಎಂತ ಮಾತು ಹೇಳ್ತೀರಿ! ಶಿರ್ವದ ಬಸ್ಸು ಖಾಲಿ ಹೋಗುವಾಗ ಹಾಕದೆ ಇರ್ಲಿಕ್ಕೆ ಆಗ್ತದಾ? ದಿನ ಹೋಗುವುದು ಒಳದಾರಿಯಲ್ಲೇ. ಇದು ಕೈ ಕಟ್ಟಿದಾಗ."

ನಾನು ಆ ಖಾಲಿ ಖಾನೆಯನ್ನೇ ನೋಡುತ್ತ ನಿಂತೆ. ಮೊದಲು ಪಡುವಣಕ್ಕೆ, ಆಮೇಲೆ ಬಡಗಿಗೋ ತೆಂಕಿಗೋ; ಎಂದರೆ ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ. ಅದು ನಾನು ನಿಧಾನವೆಂದು ಹಳಿದು ಬಿಸಾಡಿದ್ದ ಹಳೆಯ ನಿಯಮ. ಅದನ್ನು ಬಿಸಾಡಬೇಕಿರಲಿಲ್ಲ, ಅದಕ್ಕೊಂದು ಖಾನೆ ಬೇರೆ ಮಾಡಿ ಬಾಗಿಲಲ್ಲಿ "ಇಡಬಾರದು" ಎಂದು ಬರೆಯಬೇಕಿತ್ತು. ಹಳೆಯ ನಿಯಮದ ದಾರಿ ಎಂದೂ ಕಟ್ಟುವುದಿಲ್ಲವಾದ್ದರಿಂದ ಆ ಖಾನೆ ತಡವಾದರೂ ಖಾಲಿಯಾಗಲೇಬೇಕು. ಅದು ಖಾಲಿಯಾದರೆ ಕಾಯುತ್ತಿರುವವರಲ್ಲಿ ಒಬ್ಬರಿಗೆ ದಾರಿ ಸಿಗಲೇಬೇಕು. ಒಬ್ಬರು ಜರುಗಿದರೆ ಸಾಕಲ್ಲ, ಸುತ್ತು ಬಿಚ್ಚುತ್ತದೆ. ನಾನು ಖಾಲಿ ಜಾಗ ಕಂಡಲ್ಲೆಲ್ಲ ತುಂಬಿಸಿದೆ, ತಪ್ಪು ಅಲ್ಲೇ ಆಗಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ ಪದ್ಮರಾಜಣ್ಣನ ಎರಡೂ ಕೈ ಹಿಡಿದು ಕುಲುಕಿ, ನಮ್ಮ ಕಾಲೇಜು, ಯಂತ್ರ ಎಲ್ಲದರ ಕಥೆಯನ್ನೂ ಒಂದೇ ಉಸಿರಿಗೆ ಹೇಳಿದೆ. ಬಸ್ಸು ಬಂದಾಗ ಓಡಿ ಹತ್ತಿದೆ. ಚೀಲ ಅವರ ತೊಡೆಯ ಮೇಲೆಯೇ ಉಳಿಯಿತು.

ಮರುದಿನ ಬೆಳಿಗ್ಗೆ ಸದಾನಂದರಿಗೆ ಎಲ್ಲ ವಿವರಿಸಿದೆ. ಅವರು ಕೇಳಿ ಮುಗಿಸಿ, "ಸರಿ ಉಂಟು ಮೇಡಂ. ಆದರೆ ಆ ಖಾನೆ ಇಡ್ಲಿಕ್ಕೆ ಮೆಮೊರಿ ಎಲ್ಲುಂಟು?" ಎಂದರು. ನಿಜ, ಬೋರ್ಡಿನಲ್ಲಿ ಒಂದು ಬೈಟೂ ಉಳಿದಿರಲಿಲ್ಲ. ನನ್ನ ಮುಖ ಸಣ್ಣದಾದದ್ದು ನೋಡಿ ಅವರು ತಾವೇ ಉಪಾಯ ಹೇಳಿದರು. "ಒಂದು ಚಿಪ್ಪಿನ ಬೆನ್ನ ಮೇಲೆ ಇನ್ನೊಂದನ್ನು ಕೂರಿಸುವ. ಎಲ್ಲ ಕಾಲೂ ಕೆಳಗಿನದರ ಕಾಲಿಗೆ ಬೆಸುಗೆ, ಯಾರನ್ನು ಕರೆದದ್ದು ಅಂತ ಹೇಳುವ ಒಂದು ಕಾಲು ಮಾತ್ರ ಮೇಲೆತ್ತಿ ಬೇರೆ ತಂತಿ." ಉಪ್ಪುಮೂಟೆ ಹೊತ್ತಂತೆ ಹದಿನಾರು ಬೋರ್ಡುಗಳಲ್ಲಿ ಹದಿನಾರು ಮೆಮೊರಿ ಚಿಪ್‌ಗಳು ಬೆನ್ನೇರಿದವು. ನಾಲ್ಕು ದಿನದಲ್ಲಿ ಒಂದು ಕಾಲೂ ಮುರಿಯದೆ, ಒಂದು ಚಿಪ್ಪೂ ಸುಡದೆ ಸದಾನಂದರು ಕೆಲಸ ಮುಗಿಸಿದರು. ಹೊಸ ಖಾನೆಗಳಿಗೆ ಮಾತ್ರ ಹಸಿರು ದೀಪ ಹಾಕಿದರು. ಅಷ್ಟರಲ್ಲಿ ನಾನು ಪ್ರೋಗ್ರಾಮ್ ತಿದ್ದಿದೆ. ಅದೇ ವಾರ ನನ್ನ ಚೀಲವೂ ಸೌತೆಕಾಯಿಗಳೂ ಹಿರಿಯಡ್ಕದ ಬಸ್ಸಿನಲ್ಲಿ ಬಂದು ತಲುಪಿದವು.

ತಿದ್ದಿದ ಕಂಡಕ್ಟರ್ ಮೊದಲ ದಿನವೇ ಎರಡು ಗಂಟೆ ಓಡಿತು. ಹಸಿರು ದೀಪಗಳು ಅಲ್ಲೊಮ್ಮೆ ಇಲ್ಲೊಮ್ಮೆ ಮಿಣುಕಿ ಆರುತ್ತಿದ್ದವು. ವೇಗದಲ್ಲಿ ಕೂದಲೆಳೆಯಷ್ಟು ಇಳಿಕೆ, ನಿಲ್ಲುವ ಮಾತೇ ಇಲ್ಲ.

ಸಮಿತಿ ಬಂದ ದಿನ ಸೆಕೆ ಎಂದರೆ ಸೆಕೆ. ಅಧ್ಯಕ್ಷರು ಬಿಳಿಗೂದಲಿನ ಪ್ರೊಫೆಸರ್, ಮಿತಭಾಷಿ. ಐವತ್ತು ನಿಮಿಷ ಕೈಕಟ್ಟಿ ದೀಪಗಳನ್ನು ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದರು. "ಈಗ ಎಲ್ಲರೂ ಆರನೇ ಬೋರ್ಡಿಗೇ ಕಳಿಸಲಿ."

ಇದು ನಮ್ಮ ಪರೀಕ್ಷೆಗಳಲ್ಲಿ ಇರಲಿಲ್ಲ. ಹದಿನೈದು ಊರಿನವರು ಒಂದೇ ಬಾಗಿಲಿಗೆ ನುಗ್ಗಿದರೆ ಏನಾದೀತೆಂದು ನಾನು ಯೋಚಿಸಿರಲಿಲ್ಲ. ಬೇಡ ಎನ್ನುವಂತೆಯೂ ಇರಲಿಲ್ಲ. ಆಜ್ಞೆ ಕೊಟ್ಟೆ. ನೋಡನೋಡುತ್ತಿದ್ದಂತೆ ಕೆಂಪು ದೀಪಗಳೆಲ್ಲ ಹೊತ್ತಿದವು. ಹಸಿರೂ ಒಂದೊಂದಾಗಿ ಹೊತ್ತಿದವು. ಯಾವುದೂ ಆರುತ್ತಿಲ್ಲ. ಬಾಗಿಲ ಬಳಿ ನಿಂತಿದ್ದ ಸದಾನಂದರು ಗೋಡೆ ಕಡೆ ಮುಖ ತಿರುಗಿಸಿದ್ದು ಕಾಣಿಸಿತು.

ಆಗ ಆರನೇ ಬೋರ್ಡಿನ ಪಕ್ಕದ ಒಂದು ಹಸಿರು ದೀಪ ಆರಿತು. ಕೂಡಲೇ ಮತ್ತೆ ಹೊತ್ತಿತು. ಅದರ ಹಿಂದಿನದು ಆರಿತು. ನಿಧಾನ, ಬಲು ನಿಧಾನ, ಆದರೆ ಸಾಲು ಜರುಗುತ್ತಿತ್ತು. ಐದು ನಿಮಿಷದಲ್ಲಿ ಕೆಂಪಿನಲ್ಲೂ ಸಂಚಾರ ಶುರುವಾಯಿತು. "ಸದಾನಂದ, ಈ ಕಡೆ ನೋಡಿ!" ಎಂದು ನಾನು ಸಮಿತಿಯ ಎದುರೇ ಕೂಗಿದೆ. ಅವರು ತಿರುಗಿ ನೋಡಿ, ಕಣ್ಣೊರೆಸಿಕೊಂಡು, ಜೋರಾಗಿ ನಕ್ಕರು. ಅಧ್ಯಕ್ಷರೂ ನಕ್ಕರು. ಒಂದು ಗಂಟೆ ದಾಟಿ ಹದಿನೈದು ನಿಮಿಷವಾಗಿದ್ದು ಯಾರಿಗೂ ಗೊತ್ತಾಗಲಿಲ್ಲ.

"ಹಸಿರು ದೀಪದ ಉಪಾಯ ಎಲ್ಲಿ ಓದಿದಿರಿ?" ಎಂದು ಅಧ್ಯಕ್ಷರು ಕೇಳಿದರು.

"ಕಾರ್ಕಳ ಬಸ್ ಸ್ಟ್ಯಾಂಡಿನಲ್ಲಿ, ಸರ್. ಒಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು," ಎಂದೆ. ಅವರು ಅದನ್ನು ಹಾಗೆಯೇ ಟಿಪ್ಪಣಿ ಮಾಡಿಕೊಂಡರು. ಬೆನ್ನೇರಿದ ಚಿಪ್‌ಗಳನ್ನು ಭೂತಗನ್ನಡಿ ಹಿಡಿದು ನೋಡಿ, ಬೆಸುಗೆ ಹಾಕಿದವರ ಕೈ ಕುಲುಕಿಯೇ ಹೊರಟರು.

ಇದನ್ನು ಲೋಕದಲ್ಲಿ ಮೊದಲು ಕಂಡವರು ನಾವೆಂದು ನಾನು ಹೇಳುವುದಿಲ್ಲ. ಇದೇ ವಿಚಾರವನ್ನು ಬೇರೆ ಕಡೆಯ ವಿದ್ವಾಂಸರು ಪ್ರಮೇಯಗಳ ಸಮೇತ ಬರೆದದ್ದನ್ನು ಮುಂದೆ ನಾನೇ ಪಾಠ ಮಾಡಿದ್ದೇನೆ. ಪ್ರಮೇಯ ಬರೆದ ಮೇಲೆ ಕಪ್ಪುಹಲಗೆಯಲ್ಲಿ ಐದು ಖಾನೆಯ ಒಂದು ಕಪಾಟನ್ನೂ ಬರೆಯುತ್ತಿದ್ದೆ. ಹುಡುಗರಿಗೆ ಅರ್ಥವಾಗುತ್ತಿದ್ದದ್ದು ಕಪಾಟಿನಿಂದಲೇ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ಜಾಣತನದಿಂದ ದಿನದ ಕೆಲಸ ಬೇಗ ಸಾಗುತ್ತದೆ, ಆದರೆ ಜಾಣತನ ಸೋಲುವ ದಿನಕ್ಕೆಂದು ಒಂದು ಜಾಗವನ್ನು ಖಾಲಿ ಬಿಡಲೇಬೇಕು, ಎಷ್ಟೇ ಆಸೆಯಾದರೂ ಅದನ್ನು ತುಂಬಿಸಬಾರದು. ನಿವೃತ್ತಿಯಾಗುವವರೆಗೂ ನನ್ನ ವೇಳಾಪಟ್ಟಿಯಲ್ಲಿ ದಿನಕ್ಕೊಂದು ಗಂಟೆ ಖಾಲಿ ಬಿಟ್ಟಿದ್ದೆ. ಸೋಮಾರಿ ಎಂದವರಿದ್ದರು. ತೊಂದರೆಯಲ್ಲಿದ್ದವರು ಯಾರೇ ಬಂದರೂ ಆ ಗಂಟೆ ಅವರಿಗೆ ಸಿಕ್ಕಿದೆ.

ಜುಲೈಯಲ್ಲಿ ಸದಾನಂದರಿಗೆ ಕಾಯಂ ಆದೇಶ ಬಂತು, ಅದರ ಹಿಂದೆಯೇ ಬೆತ್ತದ ಕುರ್ಚಿಯೂ ಬಂತು. ಕುರ್ಚಿ ಬಂದ ದಿನವೇ ಪದ್ಮರಾಜಣ್ಣ ನಮ್ಮ ಯಂತ್ರ ನೋಡಲು ಕಾರ್ಕಳದಿಂದ ಬಂದರು, ಕೈಯಲ್ಲಿ ಎರಡು ಸೌತೆಕಾಯಿ. ಅವರು ರ್‍ಯಾಕಿನ ಎದುರು ತುಂಬ ಹೊತ್ತು ನಿಂತು ಕೇಳಿದರು. "ಈ ಹಸಿರು ಉರಿಯುವುದೇ ಇಲ್ಲವಾ?"

"ಉರಿಯುವುದು ಅಪರೂಪ," ಎಂದರು ಸದಾನಂದ.

"ಹಾಗಾದರೆ ಸರಿ ಉಂಟು," ಎಂದು ಹಿರಿಯರು ಸಮಾಧಾನದಿಂದ ತಲೆಯಾಡಿಸಿ ಸೌತೆಕಾಯಿಗಳನ್ನು ಮುಂದೆ ಚಾಚಿದರು. ಮೇಜಿನ ಮೇಲೆಲ್ಲ ತಂತಿ, ಬೋರ್ಡು. ರ್‍ಯಾಕಿನ ನಾಲ್ಕು ಸಾಲುಗಳ ಕೆಳಗಿದ್ದ ಖಾನೆ ಮಾತ್ರ ಖಾಲಿ. ಸದಾನಂದರು ಅದನ್ನು ಒಮ್ಮೆ ನೋಡಿದರು, ಪದ್ಮರಾಜಣ್ಣನನ್ನು ಒಮ್ಮೆ ನೋಡಿದರು. ಆಮೇಲೆ ಮೂರು ವರ್ಷ ಕಾದು ಪಡೆದ ಹೊಸ ಕುರ್ಚಿಯ ಮೇಲೆ ಎರಡೂ ಸೌತೆಕಾಯಿಗಳನ್ನು ಜೋಪಾನವಾಗಿ ಕೂರಿಸಿ, ಆ ಮಧ್ಯಾಹ್ನವೆಲ್ಲ ನಿಂತುಕೊಂಡೇ ಕೆಲಸ ಮಾಡಿದರು.